ಅಗ್ಗದ ಸಿಮ್ ಬಿಟ್ಟು ಇನ್ನೊಂದು ಅಗ್ಗದ ಸಿಮ್‌ಗೆ: ಎರಡನ್ನೂ ಒಟ್ಟಿಗೆ ಬಳಸಿ ನೋಡಿದ ಮೇಲೆ

ಕೆಲವು ವರ್ಷಗಳಿಂದ ಒಂದು ಅಗ್ಗದ ಮೊಬೈಲ್ ಸೇವೆ ಬಳಸುತ್ತಾ ಬಂದಿದ್ದೆ. ಕಂಪನಿಗೆ ಸ್ವಂತ ಟವರ್ ಇಲ್ಲ. ದೊಡ್ಡ ಕಂಪನಿಯ ನೆಟ್‌ವರ್ಕನ್ನು ಸಗಟಾಗಿ ಕೊಂಡು ನಮಗೆ ಚಿಲ್ಲರೆಯಾಗಿ ಮಾರುತ್ತದೆ. ಇಂಥ ಕಂಪನಿಗಳಿಗೆ ಎಂವಿಎನ್‌ಒ ಅನ್ನುತ್ತಾರೆ. ಬ್ರಿಟನ್ನಿನಲ್ಲಿ 1999ರಲ್ಲಿ ವರ್ಜಿನ್ ಮೊಬೈಲ್ ಶುರುವಾಗಿದ್ದು ಹೀಗೆಯೇ.

ಮಾತಾಡುವುದಕ್ಕೆ ಆ ಸಿಮ್ ಚೆನ್ನಾಗಿತ್ತು. ಕರೆ ಕಟ್ ಆಗುವುದು ಅಪರೂಪ, ಬಿಲ್ಲಿನಲ್ಲಿ ಗುಟ್ಟಿನ ಕಡಿತ ಇರಲಿಲ್ಲ. ತೊಂದರೆ ಇದ್ದದ್ದು ಸಂಜೆ ಹೊತ್ತು. ಫೋನಿನಲ್ಲಿ ಎಲ್ಲಾ ಸಿಗ್ನಲ್ ಕಡ್ಡಿಗಳೂ ಕಾಣುತ್ತಿದ್ದವು, ಆದರೆ ಒಂದು ಪುಟ ತೆರೆಯುತ್ತಿರಲಿಲ್ಲ. ವಿಡಿಯೊ ಸುಮ್ನೆ ಸುತ್ತುತ್ತಾ ಇರುತ್ತಿತ್ತು.

ಇದಕ್ಕೆ ಕಾರಣ ತಿಳಿದ ಮೇಲೆ ಸಿಮ್ ಆರಿಸುವ ರೀತಿಯೇ ಬದಲಾಯಿತು. ಕಡ್ಡಿಗಳು ಹೇಳುವುದು ಟವರಿನ ಸಿಗ್ನಲ್ ನಮ್ಮ ತನಕ ಎಷ್ಟು ಜೋರಾಗಿ ಬರುತ್ತಿದೆ ಅನ್ನುವುದನ್ನು ಮಾತ್ರ. ಅದೇ ಟವರನ್ನು ಎಷ್ಟು ಜನ ಹಂಚಿಕೊಂಡಿದ್ದಾರೆ ಅನ್ನುವುದನ್ನು ಅವು ಹೇಳುವುದಿಲ್ಲ. 4ಜಿಯಲ್ಲಿ ಯಾರ ಡೇಟಾ ಮೊದಲು ಹೋಗಬೇಕು ಎಂದು ತೀರ್ಮಾನಿಸಲು ಕ್ಯೂಸಿಐ ಎಂಬ ಸಂಖ್ಯೆಗಳಿವೆ. ಸಾಮಾನ್ಯ ಬಳಕೆಯ ಸಂಖ್ಯೆಗಳಲ್ಲಿ 9 ಕೊನೆಯ ಸಾಲು. ಎಷ್ಟೋ ಅಗ್ಗದ ಪ್ಲಾನ್‌ಗಳನ್ನು ಕೂರಿಸುವುದು ಈ ಕೊನೆಯ ಸಾಲಿನಲ್ಲೇ. ಟವರ್ ಖಾಲಿ ಇದ್ದಾಗ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಜನ ತುಂಬಿದಾಗ ಮುಂದಿನವರದು ಆದ ಮೇಲೆ ನಮ್ಮದು. ಹಾಗಾಗಿ ನಡುರಾತ್ರಿ ಸ್ಪೀಡ್ ಟೆಸ್ಟ್ ಮಾಡಿ 'ಸೂಪರ್ ಸ್ಪೀಡ್' ಅನ್ನುವ ವಿಮರ್ಶೆಗಳನ್ನು ನಾನು ನಂಬುವುದಿಲ್ಲ.

ಇಲ್ಲಿಂದ ಮೊದಲ ಪ್ರಶ್ನೆ ಹುಟ್ಟುತ್ತದೆ: ಹೊಸ ಕಂಪನಿ ಯಾರ ಟವರ್ ಮೇಲೆ ನಡೆಯುತ್ತಿದೆ? ಈಗಿನದೇ ಟವರ್, ಅದೇ ಸಾಲು ಅಂತಾದರೆ ಬದಲಾಗುವುದು ಆ್ಯಪ್ ಮತ್ತು ಬಿಲ್ಲು ಅಷ್ಟೇ. ಬೆಲೆಯಲ್ಲಿ ಒಳ್ಳೆಯ ಉಳಿತಾಯ ಇದ್ದರೆ ಅದೂ ಸರಿಯೇ. ಆದರೆ ನೆಟ್ ಸ್ಲೋ ಎಂದು ಬೇಸತ್ತು ಹೊರಟವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ನಾನು ಬೇರೆ ನೆಟ್‌ವರ್ಕಿನ ಕಂಪನಿಯನ್ನೇ ಹುಡುಕಿದೆ.

ನಂಬರ್ ಪೋರ್ಟ್ ಮಾಡುವ ಮೊದಲು ಹೊಸದನ್ನು ಇ-ಸಿಮ್ ಆಗಿ, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್ ಆಗಿ, ಹಾಕಿಕೊಂಡೆ. ಎಲ್ಲಕ್ಕಿಂತ ಚಿಕ್ಕ ಪ್ಲಾನ್. ಕರೆಗೆ ಹಳೆಯ ನಂಬರ್, ಡೇಟಾಗೆ ಹೊಸದು. ಫೋನ್ ಒಂದೇ ಕಂಪನಿಗೆ ಲಾಕ್ ಆಗಿದ್ದರೆ ಇದು ನಡೆಯುವುದಿಲ್ಲ, ಅದನ್ನು ಮೊದಲೇ ನೋಡಿಕೊಳ್ಳಿ. ಪರೀಕ್ಷೆ ಮಾಡಬೇಕಾದ್ದು ನಿಮಗೆ ನೆಟ್ ನಿಜವಾಗಿ ಬೇಕಾಗುವ ಜಾಗದಲ್ಲಿ, ಅದೂ ಜನ ಜಾಸ್ತಿ ಇರುವ ಹೊತ್ತಿನಲ್ಲಿ. ಓಡಾಡುವ ದಾರಿ, ಕೆಲಸದ ಜಾಗ, ನೆಲಮಾಳಿಗೆ, ಲಿಫ್ಟ್. ಸ್ಪೀಡ್ ಟೆಸ್ಟಿಗಿಂತ ಒಂದು ವಿಡಿಯೊ ಕರೆ ಹೆಚ್ಚು ಸತ್ಯ ಹೇಳುತ್ತದೆ.

ನನ್ನ ಪರೀಕ್ಷೆಯಲ್ಲಿ ಹೊಸದು ಸಂಜೆಯಲ್ಲಿ ಸುಲಭವಾಗಿ ಗೆದ್ದಿತು. ನೆಲಮಾಳಿಗೆಯಲ್ಲಿ ಸೋತಿತು, ಹಳೆಯದಕ್ಕೆ ಅಲ್ಲಿ ಒಂದು ಕಡ್ಡಿಯಾದರೂ ಇತ್ತು. 700 ಮೆಗಾಹರ್ಟ್ಸ್‌ನಂಥ ಕಡಿಮೆ ಆವರ್ತನದ ತರಂಗಗಳು ದೂರ ಹೋಗುತ್ತವೆ, ಗೋಡೆಯನ್ನೂ ದಾಟುತ್ತವೆ. 3500 ಮೆಗಾಹರ್ಟ್ಸ್‌ನಂಥವು ವೇಗ ಕೊಡುತ್ತವೆ, ಗೋಡೆ ಬಂದರೆ ಸೊರಗುತ್ತವೆ. ಎಲ್ಲ ನೆಟ್‌ವರ್ಕಿನ ಬಳಿಯೂ ಎರಡೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಕೆಳಗಡೆ ವೈ-ಫೈ ಇರುವುದರಿಂದ ವೈ-ಫೈ ಕಾಲಿಂಗ್ ಹಾಕಿಕೊಂಡೆ, ಸಮಸ್ಯೆ ಮುಗಿಯಿತು. ಆದರೆ ಈ ಸೌಲಭ್ಯವನ್ನು ಎಲ್ಲ ಅಗ್ಗದ ಕಂಪನಿಗಳೂ ಕೊಡುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು 4ಜಿ ಮೇಲಿನ ಕರೆ, ಅಂದರೆ ವೋಲ್ಟಿ. ನಿಮ್ಮ ಫೋನಿನಲ್ಲಿ ಆ ಕಂಪನಿಯ ವೋಲ್ಟಿ ನಡೆಯುತ್ತದೆಯೇ ಎಂದು ದಯವಿಟ್ಟು ಖಚಿತ ಮಾಡಿಕೊಳ್ಳಿ. 2ಜಿ, 3ಜಿ ಮುಚ್ಚಿದ ಕಡೆ ವೋಲ್ಟಿ ಇಲ್ಲದ ಫೋನಿನಲ್ಲಿ ಇಂಟರ್ನೆಟ್ ಬರಬಹುದು, ಮಾಮೂಲಿ ಕರೆ ಹೋಗುವುದಿಲ್ಲ. ಮನೆಯ ಹಿರಿಯರ ಹಳೆಯ ಫೋನಿಗೆ ಸಿಮ್ ಬದಲಿಸುವಾಗ ಇದನ್ನು ನೋಡಲೇಬೇಕು. ತುರ್ತಿನಲ್ಲಿ ಅವರು ಮೊದಲು ಮಾಡುವುದು ಕರೆಯನ್ನೇ ಅಲ್ವಾ?

ಇನ್ನು ಬೆಲೆ. 28 ದಿನದ ಪ್ಲಾನ್ ಅಂದರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. ಎರಡು ಪ್ಲಾನ್ ಹೋಲಿಸುವಾಗ ದಿನದ ಲೆಕ್ಕಕ್ಕೆ ಇಳಿಸಿ ನೋಡಿ. ಮೊದಲ ಕೆಲವು ತಿಂಗಳಿಗಷ್ಟೇ ಇರುವ ರಿಯಾಯಿತಿ ದರವನ್ನು ಪಕ್ಕಕ್ಕಿಡಿ, ಆಮೇಲಿನ ದರವೇ ನಿಜವಾದ ದರ. 'ಅನ್‌ಲಿಮಿಟೆಡ್' ಎಂದಿದ್ದರೆ ಮಿತಿ ದಾಟಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂದು ಓದಿ. 128 ಕೆಬಿಪಿಎಸ್ ಅಂದರೆ ಸೆಕೆಂಡಿಗೆ 16 ಕಿಲೋಬೈಟ್. 2 ಎಂಬಿಯ ಒಂದು ಫೋಟೊ ಬರಲು ಎರಡು ನಿಮಿಷ ಬೇಕು. ಹಾಟ್‌ಸ್ಪಾಟ್‌ಗೆ ಬೇರೆಯೇ ಮಿತಿ ಇರಬಹುದು.

ಕೊನೆಗೆ ನಾನು ಬದಲಾಯಿಸಿದೆ, ಈಗಲೂ ಹೊಸದರಲ್ಲೇ ಇದ್ದೇನೆ. ಸಂಜೆಯ ನೆಟ್ ಇವತ್ತಿಗೂ ಚೆನ್ನಾಗಿದೆ. ಕಸ್ಟಮರ್ ಕೇರ್ ಮಾತ್ರ ನಿರಾಸೆ ತರುತ್ತದೆ. ಮಾತಾಡಲು ಮನುಷ್ಯರೇ ಸಿಗುವುದಿಲ್ಲ, ಬರೀ ಚಾಟ್. ಹಳೆಯದಕ್ಕೆ ಐದರಲ್ಲಿ ಮೂರು, ಹೊಸದಕ್ಕೆ ನಾಲ್ಕು ಕೊಡುತ್ತೇನೆ. ದಿನವಿಡೀ ವೈ-ಫೈನಲ್ಲೇ ಇರುವವರಿಗೆ, ಕರೆಗಷ್ಟೇ ಸಿಮ್ ಇಟ್ಟುಕೊಂಡವರಿಗೆ ಈ ಓಡಾಟ ಬೇಡ. ಇರುವುದರಲ್ಲೇ ಇರಿ.

ಬದಲಾಯಿಸುವವರು ಹಳೆಯ ಸಿಮ್ಮನ್ನು ತಾವಾಗಿ ರದ್ದು ಮಾಡಬೇಡಿ. ಹಾಗೆ ಮಾಡಿದರೆ ನಂಬರೇ ಕೈತಪ್ಪಬಹುದು. ಪೋರ್ಟ್ ಮುಗಿದರೆ ಅದು ತಾನಾಗಿ ನಿಲ್ಲುತ್ತದೆ. ನಡುವೆ ಒಟಿಪಿ ಬರದೇ ಹೋಗಬಹುದು, ಬ್ಯಾಂಕಿನ ಕೆಲಸ ಇರುವ ದಿನ ಬೇಡ. ಪ್ರಿಪೇಯ್ಡ್ ಆದರೆ ಉಳಿದ ಬ್ಯಾಲೆನ್ಸ್ ಹೊಸ ಕಂಪನಿಗೆ ಬರುವುದಿಲ್ಲ. ವ್ಯಾಲಿಡಿಟಿ ಮುಗಿಯಲು ಕೆಲವು ದಿನ ಇರುವಾಗ ಪೋರ್ಟ್‌ಗೆ ಹಾಕಿ. ಪೂರ್ತಿ ಮುಗಿಯುವ ತನಕ ಕಾಯಬೇಡಿ.