ಮೂರು ವರ್ಷದಿಂದ ಒಂದೇ ಲೈಟ್: 60 ವ್ಯಾಟ್ ಎಲ್‌ಇಡಿ ಬಳಸಿದ ಅನುಭವ

ವಿಡಿಯೋ ಶೂಟಿಂಗಿಗೆ ಅಂತ ಈ ಲೈಟ್ ಕೊಂಡು ಬರುವ ಗಣಪತಿ ಹಬ್ಬಕ್ಕೆ ಮೂರು ವರ್ಷ. 60 ವ್ಯಾಟ್, 5600 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕು), ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವ ಅಳತೆ, ನೂರಕ್ಕೆ) 95ರ ಮೇಲೆ, ಸಾಫ್ಟ್‌ಬಾಕ್ಸ್‌ನಂಥವನ್ನು ಸಿಕ್ಕಿಸಲು ಮುಂದೆ ಬೋವೆನ್ಸ್ ಮೌಂಟ್. ಬೆಳಕನ್ನು ಹರಡಿ ಮೆದು ಮಾಡುವ ಬಟ್ಟೆಯ ಗೂಡು, ಅಂದರೆ 90 ಸೆಂ.ಮೀ. ಸಾಫ್ಟ್‌ಬಾಕ್ಸ್ ಬೇರೆ ಕೊಂಡೆ. ಲೈಟಿಂಗ್ ಅಂದರೇನು ಅಂತ ನಾನು ಕಲಿತದ್ದು ಇದರಲ್ಲೇ.

ಮೊದಲ ಎರಡು ತಿಂಗಳು ಬೇಜಾರೋ ಬೇಜಾರು. ಕ್ಯಾಮೆರಾ ಪಕ್ಕದಲ್ಲೇ ನಿಲ್ಲಿಸಿ, ಮುಖಕ್ಕೆ ನೇರ ಹಾಕುತ್ತಿದ್ದೆ. ಮುಖ ಚಪ್ಪಟೆ, ಹಿಂದಿನ ಗೋಡೆ ಮೇಲೆ ಕಪ್ಪು ನೆರಳು. ಪವರ್ ಸಾಲದು, 150 ವ್ಯಾಟ್ ಬೇಕಿತ್ತು ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಅಮ್ಮ ಅಡುಗೆಮನೆ ಕಿಟಕಿ ಪಕ್ಕ ಅವರೆಕಾಳು ಹಿಸುಕುತ್ತ ಕೂತಿದ್ದಳು. ಎಡಗೆನ್ನೆ ಮೇಲೆ ಬೆಳಕು, ಬಲಗೆನ್ನೆ ನಿಧಾನವಾಗಿ ನೆರಳಿಗೆ ಜಾರಿತ್ತು. ಮೂಗುಬೊಟ್ಟು ಮಾತ್ರ ಸಣ್ಣಗೆ ಮಿನುಗುತ್ತಿತ್ತು. ಇದೇ ಬೆಳಕನ್ನು ರಾತ್ರಿ ಮಾಡಬೇಕು ಅನ್ನಿಸಿತು.

ರಾತ್ರಿ ಅಮ್ಮನನ್ನು ಅಲ್ಲೇ ಕೂರಿಸಿದೆ. ಟ್ಯೂಬ್‌ಲೈಟ್ ಆರಿಸಿದೆ. ಸಾಫ್ಟ್‌ಬಾಕ್ಸ್ ಹಾಕಿ, ಲೈಟನ್ನು ಎಡಕ್ಕೆ 45 ಡಿಗ್ರಿಗೆ, ಕಣ್ಣಿಗಿಂತ ಸ್ವಲ್ಪ ಮೇಲೆ ಇಟ್ಟೆ. 2 ಮೀಟರ್ ದೂರದಲ್ಲಿ ಮೂಗಿನ ನೆರಳಿನ ಅಂಚು ಇನ್ನೂ ಗಡುಸಾಗೇ ಇತ್ತು. 1 ಮೀಟರಿಗೆ ತಂದೆ. "ಇಷ್ಟು ಹತ್ರ ಇಟ್ರೆ ಕಣ್ಣು ಕುಕ್ಕಲ್ವೇನೋ?" ಅಂದಳು. ಆದರೆ ಹತ್ತಿರ ಬಂದಂತೆ ನೆರಳಿನ ಅಂಚು ಕರಗಿತು. ಮುಖದ ಲೆಕ್ಕದಲ್ಲಿ ಸಾಫ್ಟ್‌ಬಾಕ್ಸ್ ದೊಡ್ಡದಾಯಿತು, ಅದಕ್ಕೇ. ದೂರ ಅರ್ಧ ಆದರೆ ಬೆಳಕು ಹೆಚ್ಚುಕಡಿಮೆ ನಾಲ್ಕು ಪಟ್ಟು. ಹಾಗಾಗಿ ಪವರನ್ನು ಕಾಲು ಭಾಗಕ್ಕೆ ಇಳಿಸಿದೆ. ಆಗ ದೂರದ ಗೋಡೆ ತಾನಾಗೇ ಕತ್ತಲಾಯಿತು. ಅವತ್ತಿನಿಂದ ಪವರ್ ಸಾಲದು ಅನ್ನುವ ಚಿಂತೆ ಬಿಟ್ಟೆ, ಒಳಾಂಗಣದ ಮಟ್ಟಿಗೆ.

ಬಲಗಡೆ ಥರ್ಮಾಕೋಲ್ ಹಿಡಿದರೆ ಮುಖದ ನೆರಳು ತಿಳಿಯಾಯಿತು. ಅದನ್ನು ತೆಗೆದು ಕರಿ ಕಂಬಳಿ ತೂಗುಹಾಕಿದಾಗ ಕೆನ್ನೆಯ ಸುಕ್ಕು, ದವಡೆಯ ಗೆರೆ ಎದ್ದು ಬಂದವು. ಬಿಳಿ ಗೋಡೆಗಳ ಸಣ್ಣ ಕೋಣೆಯಲ್ಲಿ ಎಲ್ಲ ಕಡೆಯಿಂದ ಬೆಳಕು ವಾಪಸ್ ಬರುತ್ತದೆ ಅಲ್ವಾ, ಅದನ್ನು ತಡೆಯೋದೂ ಲೈಟಿಂಗೇ. ಕನ್ನಡಕದವರಾದರೆ ಲೈಟನ್ನು ಇನ್ನಷ್ಟು ಎತ್ತರಿಸಿ, ಗಾಜಿನ ಹೊಳಪು ಹೋಗುತ್ತದೆ.

ವಿಡಿಯೋದಲ್ಲಿ ಪಟ್ಟೆ ಓಡಿದರೆ ಲೈಟನ್ನು ಬೈಯುವ ಮೊದಲು ಶಟರ್ ನೋಡಿ. ನಮ್ಮ ಕರೆಂಟು 50 ಹರ್ಟ್ಸ್. ಸೆಕೆಂಡಿಗೆ 25 ಫ್ರೇಮಿನ ವಿಡಿಯೋಗೆ ಶಟರ್ 1/50 ಸೆಕೆಂಡ್ ಇಟ್ಟರೆ ಟ್ಯೂಬ್‌ಲೈಟಿನ ಪಟ್ಟೆಯೂ ಹೋಗುತ್ತದೆ.

ಬಿಸಿಲಲ್ಲಿ ಮಾತ್ರ ಈ ಲೈಟ್ ಉಪಯೋಗಕ್ಕಿಲ್ಲ. ಸೂರ್ಯನ ಮುಂದೆ ಉರಿಯುತ್ತಿದೆಯೋ ಇಲ್ಲವೋ ಗೊತ್ತಾಗಲ್ಲ. ಅಲ್ಲಿ ನನಗೆ ದಾರಿ ತೋರಿಸಿದ್ದು ನಮ್ಮ ಮೈಸೂರಿನ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರ ಕೆಲಸ. ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಕಲಿತವರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಸ್ಟುಡಿಯೋ ಒಳಗೆ ಬಿಸಿಲುಕೋಲು ತರಲು ಅವರು ಬಳಸಿದ್ದು ದೊಡ್ಡ ಕನ್ನಡಿಗಳನ್ನು. ನಾನೂ ಅಂಗಳದಲ್ಲಿ ಒಂದು ಕನ್ನಡಿ ಇಟ್ಟು ಬಿಸಿಲನ್ನು ನಡುಮನೆಗೆ ತಿರುಗಿಸಿದೆ. ಮೊದಲು ನೆಲದ ಮೇಲೆ ಬರೀ ಒಂದು ಬಿಳಿ ಚೌಕ. ಸಾಂಬ್ರಾಣಿ ಹೊಗೆ ಹಾಕಿದ ಕೂಡಲೇ ಕೋಲು ಕಾಣಿಸಿತು, ಬಾಗಿಲಿಂದ ದೇವರಮನೆವರೆಗೂ. ಹತ್ತೇ ನಿಮಿಷದಲ್ಲಿ ಸೂರ್ಯ ಸರಿದು ಕೋಲೂ ಜಾಗ ಬಿಟ್ಟಿತು. ಯಾರಾದರೂ ಕನ್ನಡಿ ಹಿಡಿದು ತಿರುಗಿಸುತ್ತಲೇ ಇರಬೇಕು.

ತೊಂದರೆಗಳೂ ಇವೆ. ಲೈಟಿನೊಳಗಿನ ಫ್ಯಾನ್ ಸದ್ದು ಮೈಕಿಗೆ ಬರುತ್ತದೆ. ಮೈಕನ್ನು ಮಾತಾಡುವವರ ಎದೆಗೇ ಸಿಕ್ಕಿಸಿ, ಅಷ್ಟಾಗಿ ಕೇಳಿಸಲ್ಲ. ಎರಡನೇ ವರ್ಷ ಸಾಫ್ಟ್‌ಬಾಕ್ಸ್ ಭಾರಕ್ಕೆ ಲೈಟ್ ತಲೆ ಬಗ್ಗಿಸತೊಡಗಿತು. ಸರ್ವಿಸಿಗೆ ಕಳಿಸಿದೆ. ಐದು ವಾರ ಇಟ್ಟುಕೊಂಡು ಹಾಗೇ ವಾಪಸ್ ಕಳಿಸಿದರು. ತುಂಬಾ ಸಿಟ್ಟು ಬಂತು. ಕೊನೆಗೆ ನಮ್ಮ ಬೀದಿಯ ಲೇತ್ ಅಂಗಡಿಯವರು ಒಂದು ವಾಷರ್ ಹಾಕಿ ಬಿಗಿ ಮಾಡಿಕೊಟ್ಟರು. ಇವತ್ತಿಗೂ ಅಲುಗಿಲ್ಲ.

ಒಂದೇ ಬಣ್ಣದ ಬೆಳಕು ಸಾಕಾ ಅಂತ ಕೇಳುವವರು ಜಾಸ್ತಿ. ನನಗೆ ಸಾಕಾಗಿದೆ. ರಾತ್ರಿಯ ಹಳದಿ ಬಲ್ಬಿನ ಜತೆ ಹೊಂದಿಸಲು ಲೈಟಿನ ಮುಂದೆ ಕಿತ್ತಳೆ ಜೆಲ್ (ಬೆಳಕು ಹಾಯುವ ಬಣ್ಣದ ಹಾಳೆ) ಕಟ್ಟುತ್ತೇನೆ, ಬೆಳಕು ಸ್ವಲ್ಪ ಕಮ್ಮಿಯಾಗುತ್ತದೆ ಅಷ್ಟೆ. ದುಡ್ಡು ಉಳಿದರೆ ಗಟ್ಟಿ ಸ್ಟ್ಯಾಂಡ್ ಕೊಳ್ಳಿ. ಅದರ ಕಾಲಿಗೆ ಮರಳಿನ ಚೀಲ ಕಟ್ಟಿ, ಮನೆಯಲ್ಲಿ ಮಕ್ಕಳಿದ್ದರಂತೂ ಮರೆಯಲೇಬೇಡಿ.