ನಮ್ಮ ತೂಕ ಎಲ್ಲಿಂದ ಬಂತು? ಕೇಳಲೇಬೇಕಾದ ಒಂದು ಉಪನ್ಯಾಸ

ಭಾನುವಾರ ಬೆಂಗಳೂರಿನಲ್ಲಿ ಕಣ ಭೌತವಿಜ್ಞಾನದ ಬಗ್ಗೆ ಒಂದು ಉಪನ್ಯಾಸ ಇತ್ತು. ಕನ್ನಡದಲ್ಲೇ, ಪ್ರವೇಶ ಉಚಿತ. ಮನೆಯಲ್ಲಿ ಹೈಸ್ಕೂಲು, ಪಿಯುಸಿ ಮಕ್ಕಳಿದ್ದರೆ ಇಂಥದ್ದು ಮತ್ತೆ ನಡೆದಾಗ ಖಂಡಿತ ಕರೆದುಕೊಂಡು ಹೋಗಿ.

ಕ್ವಾರ್ಕ್, ಲೆಪ್ಟಾನ್ ಅಂತ ಮೂಲಕಣಗಳ ಹೆಸರಿನ ಪಟ್ಟಿ ಓದಿ ಮುಗಿಸುವವರೇ ಜಾಸ್ತಿ. ಈ ಉಪನ್ಯಾಸಕರು ನಮ್ಮ ತೂಕ ಎಲ್ಲಿಂದ ಬಂತು ಅನ್ನುವ ಒಂದೇ ಪ್ರಶ್ನೆ ಹಿಡಿದು ಕೂತರು. ಪ್ರೋಟಾನ್ ಒಳಗೆ ಎರಡು ಅಪ್ ಕ್ವಾರ್ಕ್, ಒಂದು ಡೌನ್ ಕ್ವಾರ್ಕ್. ಮೂರರ ದ್ರವ್ಯರಾಶಿ ಕೂಡಿಸಿದರೆ ಸುಮಾರು 9 ಎಂಇವಿ (ಕಣಗಳ ದ್ರವ್ಯರಾಶಿ ಹೇಳಲು ಬಳಸುವ ಮಾನ), ಪ್ರೋಟಾನಿನದು ನೋಡಿದರೆ 938! ಎರಡೂ ಸಂಖ್ಯೆ ಬೋರ್ಡಿನ ಮೇಲೆ ಬರೆದು ಸುಮ್ನೆ ನಿಂತುಬಿಟ್ಟರು. ಒಬ್ಬ ಹುಡುಗಿ 'ಹಿಗ್ಸ್' ಅಂದಳು. ನಮ್ಮಲ್ಲಿ ಬಹಳ ಜನ ಹೇಳುವುದೂ ಅದೇ, ಅಲ್ವಾ? 2012ರಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಹಿಗ್ಸ್ ಕಣ ಸಿಕ್ಕಿತು ಅಂತ ಸುದ್ದಿಯಾದಾಗಿನಿಂದ ಎಲ್ಲದಕ್ಕೂ ತೂಕ ಕೊಡುವುದು ಅದೇ ಅನ್ನುವ ಮಾತು ಬೇರೂರಿಬಿಟ್ಟಿದೆ. ಆದರೆ ಹಿಗ್ಸ್ ಲೆಕ್ಕಕ್ಕೆ ಬರುವುದು ಆ 9 ಮಾತ್ರ. ಉಳಿದಿದ್ದೆಲ್ಲ ಕ್ವಾರ್ಕ್‌ಗಳ ಓಡಾಟದ ಶಕ್ತಿ, ಅವನ್ನು ಬಿಗಿದು ಹಿಡಿದಿರುವ ಗ್ಲೂಆನ್ ಅನ್ನುವ ಕಣಗಳ ಶಕ್ತಿ. ನಾವು ತಕ್ಕಡಿಯಲ್ಲಿ ತೂಗುವುದು ಹೆಚ್ಚುಕಮ್ಮಿ ಈ ಶಕ್ತಿಯನ್ನೇ. ಇದನ್ನು ಅವರು ಅವಸರವಿಲ್ಲದೆ, ಮೇಲೆ ಬಿದ್ದ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಾ ಬಿಡಿಸಿಟ್ಟ ರೀತಿ ನನಗೆ ತುಂಬಾ ಹಿಡಿಸಿತು.

ಆಮೇಲೆ ಕಣಗಳು ಹಾದುಹೋದ ಜಾಡು ಕಣ್ಣಿಗೆ ಕಾಣಿಸುವ ಕ್ಲೌಡ್ ಚೇಂಬರ್ ತೋರಿಸಿದರು. ಗಾಜಿನ ಪೆಟ್ಟಿಗೆ, ತಳದಲ್ಲಿ ಡ್ರೈ ಐಸ್, ಮೇಲೆ ಆಲ್ಕೋಹಾಲಿನಲ್ಲಿ ನೆನೆಸಿದ ಬಟ್ಟೆ. ದೀಪ ಆರಿಸಿ ಪಕ್ಕದಿಂದ ಟಾರ್ಚ್ ಬಿಟ್ಟರೆ ತೆಳ್ಳನೆಯ ಬಿಳಿ ಗೆರೆಗಳು ಮೂಡಿ ಕ್ಷಣದಲ್ಲಿ ಕರಗುತ್ತಿದ್ದವು. ಉದ್ದಕ್ಕೆ ನೇರ ಹೋಗಿದ್ದು ಹೆಚ್ಚಾಗಿ ಮ್ಯೂಆನ್ (ಎಲೆಕ್ಟ್ರಾನಿನಂಥದ್ದೇ, ಆದರೆ ಭಾರವಾದ, ಮೇಲಿನ ವಾತಾವರಣದಿಂದ ಸುರಿಯುವ ಕಣ), ಡೊಂಕುಡೊಂಕಾಗಿದ್ದು ಎಲೆಕ್ಟ್ರಾನ್. ಮ್ಯೂಆನ್‌ಗಳು ನಮ್ಮ ಅಂಗೈ ಮೂಲಕ ಸೆಕೆಂಡಿಗೆ ಒಂದರಂತೆ ಹಾದುಹೋಗುತ್ತಲೇ ಇರುತ್ತವಂತೆ. ಮಕ್ಕಳು ಪೆಟ್ಟಿಗೆ ಬಿಟ್ಟು ಕದಲಲಿಲ್ಲ.

ಕೊರತೆ ಅಂದರೆ ಮೈಕ್. ಹಿಂದಿನ ಸಾಲುಗಳಿಗೆ ಅರ್ಧ ಮಾತು ಕೇಳಿಸಲೇ ಇಲ್ಲ. ಸ್ಲೈಡ್‌ಗಳೂ ಪೂರ್ತಿ ಇಂಗ್ಲಿಷಿನಲ್ಲಿದ್ದವು.

ಇನ್ನೊಂದು ಬೇಜಾರು, ಕೆಜಿಎಫ್ ವಿಷಯ ಕೊನೆಯಲ್ಲಿ ಬಂದು ಹೋಯಿತು. ಈ ಮ್ಯೂಆನ್‌ಗಳ ಕಾಟ ತಪ್ಪಿಸಿ, ಹೆಚ್ಚುಕಮ್ಮಿ ಎಲ್ಲವನ್ನೂ ತೂರಿಹೋಗುವ ನ್ಯೂಟ್ರಿನೋ ಅನ್ನುವ ಕಣಗಳನ್ನು ಹಿಡಿಯಲೆಂದೇ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ ಉಪಕರಣ ಇಟ್ಟು ಕಾದಿದ್ದರು. 1965ರಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಅಲ್ಲಿ ಸಿಕ್ಕಿತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲೂ ಸಿಕ್ಕಿತ್ತು, ಅದಕ್ಕೂ ಮೊದಲು ವಾತಾವರಣದ ನ್ಯೂಟ್ರಿನೋ ಜಗತ್ತಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ನಮ್ಮ ಜಿಲ್ಲೆಯೊಂದರ ನೆಲದಡಿಯ ಈ ಕಥೆಗೆ ಒಂದು ಪೂರ್ತಿ ಉಪನ್ಯಾಸ ಬೇಕು ಅಂತ ಅಭಿಪ್ರಾಯದ ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ನೀವು ಹೋದರೆ ನೀವೂ ಕೇಳಿ.