ಬಂದ ಬಸ್ ಯಾವುದು? ಐದು ದಾರಿ, ನಾನು ಕಂಡಂತೆ

ನನಗೆ ಬಸ್ ಕಾಣುತ್ತದೆ, ನಂಬರ್ ಕಾಣುವುದಿಲ್ಲ. ದೂರದಲ್ಲಿ ದೊಡ್ಡದೊಂದು ಮಸುಕು ಆಕಾರ ಬರುತ್ತದೆ. ಹತ್ತಿರ ಬಂದರೆ ಬಣ್ಣ ಗೊತ್ತಾಗುತ್ತದೆ. ಬ್ರೇಕ್ ಉಸ್ ಅನ್ನುತ್ತದೆ, ಬಾಗಿಲು ತೆರೆಯುತ್ತದೆ. ಅದು ನನ್ನ ಬಸ್ಸೋ ಬೇರೆಯದೋ ಅಂತ ತಿಳಿಯಲು ನನಗೆ ಸಿಗುವುದು ಹತ್ತು ಸೆಕೆಂಡು, ಅಷ್ಟೇ. ಆ ಹತ್ತು ಸೆಕೆಂಡಿಗೆ ಯಾವುದು ಕೈಹಿಡಿಯುತ್ತದೆ ಅಂತ ಒಂದು ವರ್ಷದಿಂದ ಬೇರೆ ಬೇರೆ ದಾರಿ ಪ್ರಯತ್ನಿಸಿದ್ದೇನೆ. ಹತ್ತುವುದು ಒಂದು ಕಷ್ಟ, ಇಳಿಯುವುದು ಇನ್ನೊಂದು. ಒಂದಕ್ಕೆ ಆಗಿಬಂದದ್ದು ಇನ್ನೊಂದಕ್ಕೆ ಆಗಲಿಲ್ಲ.

ಮೊದಲನೆಯದು ಪಕ್ಕದವರನ್ನು ಕೇಳುವುದು. ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ. ಆದರೆ ಕೇಳುವ ರೀತಿ ಮುಖ್ಯ, ಇದನ್ನು ಕಲಿಯಲು ನನಗೆ ತುಂಬಾ ದಿನ ಹಿಡಿಯಿತು. "ಇದು 45 ಅಲ್ವಾ?" ಅಂತ ಕೇಳಿದರೆ ಜನ ಬೋರ್ಡ್ ನೋಡದೆಯೇ "ಹೂಂ" ಅಂದುಬಿಡುತ್ತಾರೆ. ಕೆಟ್ಟ ಮನಸ್ಸಿನಿಂದ ಅಲ್ಲ, ಅದು ಅಭ್ಯಾಸ. ಹಾಗೆ ಹತ್ತಿ ಮೂರು ಸ್ಟಾಪ್ ತಪ್ಪು ದಾರಿಯಲ್ಲಿ ಹೋದ ದಿನವೂ ಇದೆ. "ಇದು ಯಾವ ನಂಬರ್?" ಅಂತ ಕೇಳಿದರೆ ಅವರು ತಲೆ ಎತ್ತಿ ಓದಲೇಬೇಕು. ಅಂದಿನಿಂದ ನಾನು ಕೇಳುವುದು ಹೀಗೆ ಮಾತ್ರ. ಇನ್ನೊಂದು ತೊಂದರೆ ಇದೆ. "ಇಲ್ಲೇ ನಿಂತಿರಿ, ಬಂದಾಗ ಹೇಳ್ತೀನಿ" ಅಂದವರ ಬಸ್ಸೇ ಮೊದಲು ಬರುತ್ತದೆ. ಅವರು ಓಡಿ ಹತ್ತಿಬಿಡುತ್ತಾರೆ. ಅವರು ಪಕ್ಕದಲ್ಲೇ ಇದ್ದಾರೆ ಅಂದುಕೊಂಡು ನಾನು ಕಾಯುತ್ತಲೇ ಇರುತ್ತೇನೆ. ರಾತ್ರಿ ಹೊತ್ತು ಸ್ಟಾಪ್ ಖಾಲಿ ಇದ್ದರೆ ಕೇಳಲು ಯಾರೂ ಇಲ್ಲ.

ಎರಡನೆಯದು ಬಸ್ ಎಲ್ಲಿದೆ ಅಂತ ಹೇಳುವ ಫೋನ್ ಆಪ್. ಪರದೆಯ ಬರಹವನ್ನು ಧ್ವನಿಯಾಗಿಸುವ ಸ್ಕ್ರೀನ್ ರೀಡರ್ "ಎರಡು ನಿಮಿಷ" ಅಂತ ಓದಿ ಹೇಳುತ್ತದೆ, ಮನಸ್ಸಿಗೆ ಎಷ್ಟೋ ಸಮಾಧಾನ. ಆದರೆ ಮೂರು ಬಸ್ ಒಟ್ಟಿಗೆ ಬಂದರೆ ಕಥೆ ಮುಗಿಯಿತು. ಫೋನಿನ ಜಿಪಿಎಸ್ ಬಯಲಿನಲ್ಲೇ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ, ಎತ್ತರದ ಕಟ್ಟಡಗಳ ಮಧ್ಯೆ ಇನ್ನೂ ಜಾಸ್ತಿ. ಬಸ್ಸಿನ ಉದ್ದ ಸುಮಾರು 12 ಮೀಟರ್. ಸಾಲಿನಲ್ಲಿ ಮೂರನೆಯದಾಗಿ ನಿಂತ ಬಸ್ಸಿನ ಬಾಗಿಲು ನನ್ನಿಂದ ಮೂವತ್ತು ಮೀಟರ್ ಹಿಂದೆ ಎಲ್ಲೋ ತೆರೆದು ಮುಚ್ಚುತ್ತದೆ. ಆಪ್ "ಬಂತು" ಅನ್ನುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಯಾವ ಬಾಗಿಲು ಅಂತ ಅದಕ್ಕೂ ಗೊತ್ತಿಲ್ಲ.

ಬಸ್ ಒಳಗೆ ಕೂತ ಮೇಲೆ ಇದೇ ಫೋನ್ ಬೇರೆಯೇ ವಸ್ತು, ಎಲ್ಲಿದ್ದೇನೆ ಅಂತ ಹೇಳುತ್ತಾ ಹೋಗುತ್ತದೆ. ಇಳಿಯಲು ಇದರಷ್ಟು ನಂಬಿಕೆಯದು ನನಗೆ ಬೇರೆ ಸಿಕ್ಕಿಲ್ಲ. ಒಂದು ಸಲ ಬಸ್ಸಿನೊಳಗಿನ ಧ್ವನಿ ಒಂದು ಸ್ಟಾಪ್ ಮುಂದೆ ಓಡುತ್ತಿತ್ತು. ಅದನ್ನೇ ನಂಬಿ ಮಳೆಯಲ್ಲಿ, ಗುರುತಿಲ್ಲದ ಜಾಗದಲ್ಲಿ ಇಳಿದೆ. ತಪ್ಪಾದ ಘೋಷಣೆಗಿಂತ ಘೋಷಣೆ ಇಲ್ಲದಿರುವುದೇ ವಾಸಿ, ಯಾಕೆಂದರೆ ಏನೂ ಕೇಳಿಸದಿದ್ದರೆ ನಾವೇ ಎಚ್ಚರವಾಗಿರುತ್ತೇವೆ. ಈಗ ಒಂದು ಕಿವಿಯಲ್ಲಿ ಮಾತ್ರ ಇಯರ್‌ಫೋನ್ ಹಾಕಿಕೊಂಡು ಫೋನ್ ಹೇಳುವುದನ್ನೂ ಬಸ್ಸಿನ ಧ್ವನಿಯನ್ನೂ ತಾಳೆ ನೋಡುತ್ತೇನೆ. ಬ್ಲೈಂಡ್‌ಸ್ಕ್ವೇರ್‌ನಂಥ ಆಪ್‌ಗಳು ಸುತ್ತಮುತ್ತ ಏನಿದೆ ಅಂತಲೂ ಹೇಳುತ್ತವೆ. ಮೈಕ್ರೋಸಾಫ್ಟ್ 2018ರಲ್ಲಿ ತಂದ ಇಂಥದ್ದೇ ಆಪ್ ಸೌಂಡ್‌ಸ್ಕೇಪ್ 2023ರಲ್ಲಿ ನಿಂತಿತು. ಕೋಡನ್ನು ಎಲ್ಲರಿಗೂ ತೆರೆದಿಟ್ಟದ್ದರಿಂದ ಬೇರೆಯವರು ಅದನ್ನು ಮುಂದುವರಿಸಿದ್ದಾರೆ.

ಮೂರನೆಯದು ಕ್ಯಾಮೆರಾ. ಫೋನನ್ನು ಬಸ್ಸಿನ ಕಡೆ ಹಿಡಿದರೆ ಬರಹ ಓದಿ ಹೇಳುವ ಆಪ್. ಇದರ ಮೇಲೆ ತುಂಬಾ ಆಸೆ ಇಟ್ಟುಕೊಂಡಿದ್ದೆ. ಪೇಂಟ್‌ನಲ್ಲಿ ಬರೆದ ಬೋರ್ಡ್ ಆದರೆ ಹಗಲಿನಲ್ಲಿ ಚೆನ್ನಾಗಿ ಓದಿತು. ಎಲ್‌ಇಡಿ ಬೋರ್ಡ್ ಬಂದ ಕೂಡಲೇ ತಡವರಿಸಿತು. ಆ ದೀಪಗಳು ಕಣ್ಣಿಗೆ ಗೊತ್ತಾಗದಷ್ಟು ಬೇಗ ಆರಿ ಹತ್ತುತ್ತಿರುತ್ತವೆ, ಕ್ಯಾಮೆರಾಗೆ ಅರ್ಧ ಅಂಕಿ ಮಾತ್ರ ಸಿಗುತ್ತದೆ. 356 ಇದ್ದದ್ದು ನನ್ನ ಕಿವಿಗೆ ಬಿದ್ದದ್ದು 36. ಅದರ ಮೇಲೆ ಒಂದು ಕೈಯಲ್ಲಿ ಬಿಳಿ ಕೋಲು, ಇನ್ನೊಂದು ಕೈಯಲ್ಲಿ ಫೋನ್. ಕಂಬಿ ಹಿಡಿಯಲು ಮೂರನೇ ಕೈ ಎಲ್ಲಿಂದ ತರುವುದು? ಹತ್ತುವ ಹೊತ್ತಿಗೆ ಇದು ಬೇಡ. ಸ್ಟಾಪ್‌ನಲ್ಲಿ ಅಂಟಿಸಿದ ವೇಳಾಪಟ್ಟಿ ಓದಲು ಇರಲಿ.

ನಾಲ್ಕನೆಯದು ವಿಡಿಯೊ ಕಾಲ್‌ನಲ್ಲಿ ಸ್ವಯಂಸೇವಕರ ಕಣ್ಣು. 2015ರಲ್ಲಿ ಶುರುವಾದ ಬಿ ಮೈ ಐಸ್ ಅನ್ನುವ ಆಪ್ ಈ ದಾರಿಯನ್ನು ಎಷ್ಟೋ ಜನರಿಗೆ ತೋರಿಸಿಕೊಟ್ಟಿದೆ. ಗುರುತಿಲ್ಲದ ಜಾಗದಲ್ಲಿ ಸ್ಟಾಪ್ ಹುಡುಕಲು ಇದಕ್ಕೆ ಸಾಟಿ ಇಲ್ಲ: "ಎಡಕ್ಕೆ ಸ್ವಲ್ಪ ತಿರುಗಿ, ಹಾಂ, ಕಂಬ ಅಲ್ಲೇ ಇದೆ." ಆದರೆ ಬಸ್ ಬಂದು ನಿಂತ ಮೇಲೆ ಕರೆ ಮಾಡಿದರೆ ಯಾರಾದರೂ ಎತ್ತುವಷ್ಟರಲ್ಲಿ ಬಸ್ ಹೊರಟಿರುತ್ತದೆ. ಮೊದಲೇ ಕರೆ ಮಾಡಿಟ್ಟುಕೊಳ್ಳಬೇಕು.

ಐದನೆಯದು, ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ಮೇಲು: ಬಸ್ಸೇ ಮಾತಾಡುವುದು. ನಾನು ಆಗಾಗ ಹೋಗುವ ಒಂದು ದಾರಿಯಲ್ಲಿ ಕೆಲವು ಬಸ್‌ಗಳಿಗೆ ಹೊರಗೂ ಸ್ಪೀಕರ್ ಇದೆ. ಬಾಗಿಲು ತೆರೆದ ಕೂಡಲೇ ನಂಬರ್, ಆಮೇಲೆ ಹೋಗುವ ಜಾಗ. ಆ ಧ್ವನಿ ಬಾಗಿಲಿನ ಪಕ್ಕದಿಂದಲೇ ಬರುವುದರಿಂದ ಯಾವ ಬಸ್ ಅನ್ನುವುದರ ಜೊತೆಗೆ ಬಾಗಿಲು ಎಲ್ಲಿದೆ ಅನ್ನುವುದೂ ತಿಳಿಯುತ್ತದೆ. ಧ್ವನಿಯ ಕಡೆ ನಡೆದರೆ ಸಾಕು, ಕೈ ನೇರವಾಗಿ ಕಂಬಿಗೆ ಹೋಗುತ್ತದೆ. ಮೊದಲ ಸಲ ಹಾಗೆ ಯಾರನ್ನೂ ಕೇಳದೆ ಹತ್ತಿದ ದಿನ ಸೀಟಿನಲ್ಲಿ ಕೂತು ಸುಮ್ನೆ ಅತ್ತಿದ್ದೆ. ಕೊರತೆ ಏನೆಂದರೆ, ಪ್ರತಿ ಸ್ಟಾಪ್‌ನಲ್ಲೂ ಕೂಗಿದರೆ ಅಕ್ಕಪಕ್ಕದ ಮನೆಯವರಿಗೆ ಕಿರಿಕಿರಿ, ಆಗ ಧ್ವನಿ ತಗ್ಗಿಸುತ್ತಾರೆ, ಕೊನೆಗೆ ಟ್ರಾಫಿಕ್ ಗದ್ದಲದಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ.

ಇದಕ್ಕೂ ಉತ್ತರ ಇದೆ. ಜೆಕ್ ದೇಶದಲ್ಲಿ ದೃಷ್ಟಿ ಇಲ್ಲದವರ ಕೈಯಲ್ಲಿ ಆರು ಗುಂಡಿಯ ಒಂದು ಚಿಕ್ಕ ರಿಮೋಟ್ ಇರುತ್ತದೆ. ಒಂದು ಗುಂಡಿ ಒತ್ತಿದರೆ ಬಂದ ಬಸ್ಸೋ ಟ್ರಾಮೋ ತನ್ನ ನಂಬರ್ ಮತ್ತು ಹೋಗುವ ದಿಕ್ಕನ್ನು ಹೊರಗಿನ ಸ್ಪೀಕರ್‌ನಲ್ಲಿ ಹೇಳುತ್ತದೆ. ಇನ್ನೊಂದು ಒತ್ತಿದರೆ, ದೃಷ್ಟಿ ಇಲ್ಲದವರೊಬ್ಬರು ಹತ್ತುತ್ತಾರೆ ಅಂತ ಡ್ರೈವರ್‌ಗೆ ಸುದ್ದಿ ಹೋಗುತ್ತದೆ. ಕೇಳಿದಾಗ ಮಾತ್ರ ಮಾತು, ಹಾಗಾಗಿ ಗದ್ದಲದ ದೂರು ಕಡಿಮೆ. ದೆಹಲಿ ಐಐಟಿಯಲ್ಲಿ ರೂಪುಗೊಂಡ 'ಆನ್‌ಬೋರ್ಡ್' ಅನ್ನುವ ಸಾಧನದ ದಾರಿಯೂ ಇದೇ. ಇವೆರಡನ್ನೂ ನಾನು ಕೈಯಲ್ಲಿ ಹಿಡಿದು ನೋಡಿಲ್ಲ, ಹಾಗಾಗಿ ಅಂಕ ಕೊಡುವುದಿಲ್ಲ. ಆದರೆ ಬೇಕಾದದ್ದು ಇಂಥದ್ದೇ. ಎಲೆಕ್ಟ್ರಿಕ್ ಬಸ್‌ಗಳು ಜಾಸ್ತಿಯಾದಂತೆ ಇದರ ಅಗತ್ಯವೂ ಜಾಸ್ತಿ, ಯಾಕೆಂದರೆ ಎಂಜಿನ್ ಸದ್ದು ಕೇಳಿ ಬಸ್ ಬಂತು ಅಂತ ತಿಳಿಯುವ ನಮ್ಮ ಹಳೆಯ ದಾರಿಯೂ ಅಲ್ಲಿಗೆ ಮುಚ್ಚುತ್ತದೆ. ಯುರೋಪಿನಲ್ಲಿ 2021ರಿಂದ ಹೊಸ ಎಲೆಕ್ಟ್ರಿಕ್ ವಾಹನಗಳೆಲ್ಲ ನಿಧಾನವಾಗಿ ಹೋಗುವಾಗ ಸದ್ದು ಮಾಡಲೇಬೇಕು. ಅದು ವಾಹನ ಇದೆ ಅಂತ ಹೇಳುತ್ತದೆ, ಯಾವ ವಾಹನ ಅಂತ ಹೇಳುವುದಿಲ್ಲ.

ಸದ್ಯಕ್ಕೆ ನಾನು ಮಾಡುವುದು ಇಷ್ಟು. ಆಪ್ "ಒಂದು ನಿಮಿಷ" ಅಂದಾಗ ಫೋನ್ ಜೇಬಿಗೆ ಹಾಕುತ್ತೇನೆ. ಕೋಲನ್ನು ಎಲ್ಲರಿಗೂ ಕಾಣುವ ಹಾಗೆ ಮುಂದೆ ಹಿಡಿಯುತ್ತೇನೆ. ಬಾಗಿಲು ತೆರೆದ ಸದ್ದಿನ ಕಡೆ ಹೋಗಿ ನೇರವಾಗಿ ಡ್ರೈವರ್‌ಗೇ ಕೇಳುತ್ತೇನೆ: "ಯಾವ ನಂಬರ್? ಎಲ್ಲಿಗೆ?" ಎರಡನ್ನೂ ಕೇಳಬೇಕು. ನಂಬರ್ ಒಂದೇ ಇದ್ದರೂ ಬಸ್ ಎದುರು ದಿಕ್ಕಿಗೆ ಹೋಗುತ್ತಿರಬಹುದು. ಅವರು ಉತ್ತರ ಹೇಳುವಷ್ಟರಲ್ಲಿ ನನ್ನ ಒಂದು ಕಾಲು ಮೆಟ್ಟಿಲ ಮೇಲಿರುತ್ತದೆ, ಹಾಗಾಗಿ ಬಾಗಿಲು ಮುಚ್ಚುವುದಿಲ್ಲ.